ಸುತ್ತಿಗೆ ಹುಡುಕಲು ಹೋದವನು



ಮನೆಯಲ್ಲಿ ಒಂದು ವಸ್ತು ಕಳೆದುಹೋದರೆ ನಾವೆಲ್ಲ ಏನು ಮಾಡುತ್ತೇವೆ? ಮಂಚದ ಕೆಳಗೆ ಬಗ್ಗಿ ನೋಡುತ್ತೇವೆ, ಅಡುಗೆಮನೆಯ ಡಬ್ಬಗಳನ್ನೆಲ್ಲ ಕೊಡವುತ್ತೇವೆ, ಪಾದುವಾದ ಸಂತ ಅಂತೋನಿಯವರಿಗೆ ಒಂದು ಮೇಣದಬತ್ತಿಯ ಹರಕೆಯನ್ನೂ ಹೊರುತ್ತೇವೆ. ವಸ್ತು ಸಿಕ್ಕಿತೋ, ಹರಕೆ ಮರೆತುಹೋಗುತ್ತದೆ! ಇರಲಿ. ಹುಡುಕುವುದು ಮನುಷ್ಯನ ಹುಟ್ಟುಗುಣ. ಆದರೆ ಏನನ್ನು ಹುಡುಕುತ್ತೇವೆ, ಸಿಕ್ಕಿದಾಗ ಏನು ಮಾಡುತ್ತೇವೆ ಎಂಬುದರಲ್ಲಿ ನಮ್ಮ ಅಂತರಂಗ ಬಯಲಾಗುತ್ತದೆ.

ಇಂಗ್ಲೆಂಡಿನಲ್ಲಿ ಹುಡುಕುವುದನ್ನೇ ಹವ್ಯಾಸ ಮಾಡಿಕೊಂಡವರು ಸಾವಿರಾರು ಜನರಿದ್ದಾರೆ. ರಜೆಯ ದಿನ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು, ಕೈಯಲ್ಲಿ ಮೆಟಲ್ ಡಿಟೆಕ್ಟರ್ ಎಂಬ ಲೋಹಶೋಧಕವನ್ನು ಹಿಡಿದು, ರೈತನ ಅನುಮತಿ ಪಡೆದು ಕೊಯ್ಲಾದ ಹೊಲಕ್ಕೆ ಇಳಿಯುತ್ತಾರೆ. ಉದ್ದನೆಯ ಕೋಲು, ಅದರ ತುದಿಯಲ್ಲಿ ತಟ್ಟೆಯಂತಹ ಒಂದು ತಂತಿಯ ಸುರುಳಿ. ಸುರುಳಿಯಲ್ಲಿ ವಿದ್ಯುತ್ ಹರಿದಾಗ ಅದರ ಸುತ್ತ ಕಾಂತಕ್ಷೇತ್ರ ಉಂಟಾಗುತ್ತದೆ. ಮಣ್ಣಿನೊಳಗೆ ಲೋಹದ ಚೂರೊಂದಿದ್ದರೆ ಅದರಲ್ಲಿಯೂ ಸಣ್ಣದೊಂದು ವಿದ್ಯುತ್ ಹುಟ್ಟಿ, ಮೇಲಿನ ಸುರುಳಿಗೆ ಮರುದನಿ ಕೊಡುತ್ತದೆ. ಕಿವಿಗೆ ಹಾಕಿಕೊಂಡ ಹೆಡ್‌ಫೋನಿನಲ್ಲಿ ‘ಕುಯ್’ ಎಂದು ಸದ್ದಾಗುತ್ತದೆ. ಆತ ಮೊಣಕಾಲೂರಿ ಸಣ್ಣ ಗುದ್ದಲಿಯಿಂದ ಅಗೆಯುತ್ತಾನೆ.

ಸಿಗುವುದೇನು? ಹೆಚ್ಚಿನ ದಿನಗಳಲ್ಲಿ ತುಕ್ಕು ಹಿಡಿದ ಮೊಳೆ, ಬಾಟಲಿಯ ಮುಚ್ಚಳ, ಹಳೆಯ ಕೋಟಿನ ಗುಂಡಿ, ತಂಪುಪಾನೀಯದ ಡಬ್ಬಿಯಿಂದ ಕಿತ್ತೆಸೆದ ಅಲ್ಯುಮಿನಿಯಂ ಬಳೆ. ಎಂದಾದರೊಮ್ಮೆ ಒಂದು ಬೆಳ್ಳಿ ನಾಣ್ಯ. ಅಪರೂಪಕ್ಕೆ ಯಾರದೋ ಬೆರಳಿನಿಂದ ಜಾರಿದ ಉಂಗುರ. ಬೆನ್ನು ನೋಯುತ್ತದೆ, ಬಟ್ಟೆ ಕೆಸರಾಗುತ್ತದೆ, ಸಂಜೆ ಚೀಲದಲ್ಲಿ ಮೊಳೆಗಳೇ ತುಂಬಿರುತ್ತವೆ. ಆದರೂ ಮುಂದಿನ ವಾರ ಮತ್ತೆ ಹೊರಡುತ್ತಾರೆ.

ಇಂಥ ಹವ್ಯಾಸಿಗಳಲ್ಲಿ ಒಬ್ಬರು ಎರಿಕ್ ಲಾಸ್. ತೋಟಗಾರರಾಗಿ ದುಡಿದು ನಿವೃತ್ತರಾದವರು. ಅವರ ಬಳಿ ಇದ್ದ ಲೋಹಶೋಧಕ, ನಿವೃತ್ತಿಯ ಸಮಯದಲ್ಲಿ ಉಡುಗೊರೆಯಾಗಿ ಬಂದದ್ದು. 1992ರ ನವೆಂಬರ್ 16ರಂದು ಅವರು ಸಫೊಕ್ ಪ್ರಾಂತ್ಯದ ಹಾಕ್ಸನ್ ಎಂಬ ಹಳ್ಳಿಯ ಹೊಲವೊಂದಕ್ಕೆ ಹೋದರು. ನಾಣ್ಯ ಹುಡುಕಲು ಅಲ್ಲ. ಆ ಹೊಲವನ್ನು ಗೇಣಿಗೆ ಮಾಡುತ್ತಿದ್ದ ಅವರ ಸ್ನೇಹಿತನ ಸುತ್ತಿಗೆ ಎಲ್ಲೋ ಬಿದ್ದುಹೋಗಿತ್ತು. ಅದನ್ನು ಹುಡುಕಿಕೊಡಲು ಹೋದರು.

ಯಂತ್ರ ಸದ್ದು ಮಾಡಿತು. ಅಗೆದರೆ ಬಂದದ್ದು ಸುತ್ತಿಗೆಯಲ್ಲ. ಬೆಳ್ಳಿಯ ಚಮಚ, ಚಿನ್ನದ ಒಡವೆ, ನಾಣ್ಯಗಳು! ಕೆಲವು ವಸ್ತುಗಳನ್ನು ಹೊರತೆಗೆಯುತ್ತಿದ್ದಂತೆ ಇದು ಸಾಮಾನ್ಯವಾದದ್ದಲ್ಲ ಎಂದು ಅವರಿಗೆ ತಿಳಿಯಿತು. ಆಗ ಅವರು ಅಗೆಯುವುದನ್ನು ನಿಲ್ಲಿಸಿದರು. ಭೂಮಿಯ ಒಡೆತನವಿದ್ದ ಜಿಲ್ಲಾ ಆಡಳಿತಕ್ಕೂ ಪೊಲೀಸರಿಗೂ ಸುದ್ದಿ ಮುಟ್ಟಿಸಿದರು. ಮರುದಿನವೇ ಪುರಾತತ್ವ ತಜ್ಞರು ಬಂದು, ಮಣ್ಣಿನಲ್ಲಿ ಯಾವುದು ಎಲ್ಲಿತ್ತು, ಹೇಗಿತ್ತು ಎಂಬುದನ್ನು ಗುರುತಿಸಿ, ಎಚ್ಚರಿಕೆಯಿಂದ ಎಲ್ಲವನ್ನೂ ತೆಗೆದರು. ಚಿನ್ನ ಬೆಳ್ಳಿಯವೇ ಹೆಚ್ಚಾಗಿದ್ದ 14,865 ರೋಮನ್ ನಾಣ್ಯಗಳು, ಅವುಗಳೊಂದಿಗೆ ಸುಮಾರು ಇನ್ನೂರು ಚಿನ್ನದ ಒಡವೆಗಳು ಮತ್ತು ಬೆಳ್ಳಿಯ ಊಟದ ಸಾಮಾನುಗಳು! 1993ರಲ್ಲಿ ಇದಕ್ಕೆ ಕಟ್ಟಿದ ಬೆಲೆ 17.5 ಲಕ್ಷ ಪೌಂಡು. ಆ ಹಣ ಬಹುಮಾನವಾಗಿ ಬಂದಾಗ ಲಾಸ್ ಅದನ್ನು ತಮ್ಮ ರೈತ ಸ್ನೇಹಿತನೊಂದಿಗೆ ಹಂಚಿಕೊಂಡರು. ನಿಧಿ ಇಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ.

ಸುತ್ತಿಗೆ? ಅದೂ ಸಿಕ್ಕಿತು! ಅದೂ ಆ ಮ್ಯೂಸಿಯಂ ಸೇರಿತು.

ಬಂಧುಗಳೇ, ಈ ಘಟನೆಯನ್ನು ನಾನು ಹಲವು ಸಲ ಧ್ಯಾನಿಸಿದ್ದೇನೆ. ಮೂರು ಮಾತುಗಳು ನನ್ನ ಮನಸ್ಸಿನಲ್ಲಿ ಉಳಿದಿವೆ.

ಮೊದಲನೆಯದು: ಆತ ಹುಡುಕಲು ಹೋದದ್ದು ನೆರೆಯವನ ಸುತ್ತಿಗೆಯನ್ನು. ಅಂಗಡಿಯಲ್ಲಿ ಹೊಸದನ್ನೇ ಕೊಳ್ಳಬಹುದಿತ್ತು. ಆದರೂ ಚಳಿಗಾಲದ ಹೊಲದಲ್ಲಿ ಇನ್ನೊಬ್ಬನ ಸಣ್ಣ ನಷ್ಟವನ್ನು ತನ್ನದೆಂದುಕೊಂಡು ನಡೆದರು. ಅದಕ್ಕಾಗಿಯೇ ದೇವರು ನಿಧಿಯನ್ನು ಕೊಟ್ಟರೆಂದು ನಾನು ಹೇಳುವುದಿಲ್ಲ. ಉಪಕಾರ ಮಾಡಿದವರಿಗೆಲ್ಲ ಹೊಲದಲ್ಲಿ ಚಿನ್ನ ಸಿಗುವುದಿಲ್ಲ. ಆದರೆ ಇಷ್ಟು ನಿಜ: ನಿಧಿ ಸಿಗದೆ ಬರಿಗೈಯಲ್ಲಿ ಮರಳಿದ್ದರೂ ಆ ದಿನ ವ್ಯರ್ಥವಾಗುತ್ತಿರಲಿಲ್ಲ.

ಎರಡನೆಯದು: ಆತ ನಿಲ್ಲಿಸಿದರು. ಕೈಗೆ ಚಿನ್ನ ತಗಲಿದಾಗ ಇನ್ನೊಂದು ಹಿಡಿ ಮಣ್ಣು ತೆಗೆಯದೆ ನಿಲ್ಲಿಸುವುದು ಸುಲಭವೇ? ಸುತ್ತಲೂ ಬಯಲು, ಮಣ್ಣಿನೊಳಗೆ ಎಷ್ಟಿದೆಯೆಂದು ಲೆಕ್ಕವಿಟ್ಟವರಿಲ್ಲ. ಇದೇ ಇಂಗ್ಲೆಂಡಿನ ಹೆರಿಫರ್ಡ್ ಪ್ರಾಂತ್ಯದಲ್ಲಿ 2015ರಲ್ಲಿ ಇಬ್ಬರಿಗೆ ವೈಕಿಂಗರ ಕಾಲದ ನಿಧಿ ಸಿಕ್ಕಿತು. ಅವರು ಯಾರಿಗೂ ತಿಳಿಸದೆ ಗುಟ್ಟಾಗಿ ಮಾರತೊಡಗಿದರು. ಸುಮಾರು 300 ನಾಣ್ಯಗಳಿದ್ದುವೆಂದು ಅಂದಾಜು. ಮರಳಿ ಸಿಕ್ಕಿದ್ದು ಕೆಲವೇ ಕೆಲವು. 2019ರಲ್ಲಿ ಇಬ್ಬರಿಗೂ ದೀರ್ಘ ಸೆರೆಮನೆ ವಾಸದ ಶಿಕ್ಷೆಯಾಯಿತು. ಕಾನೂನಿನಂತೆ ತಿಳಿಸಿದ್ದರೆ ಅವರಿಗೂ ಬಹುಮಾನ ದೊರೆಯಬಹುದಿತ್ತು. ಎರಡೂ ಕಡೆ ಯಂತ್ರ ಮಾಡಿದ ಸದ್ದು ಒಂದೇ. ಅದನ್ನು ಕೇಳಿದ ಮನಸ್ಸುಗಳು ಬೇರೆ. ಸಂಪತ್ತು ಎಲ್ಲಿದೆಯೋ ಹೃದಯವೂ ಅಲ್ಲಿರುತ್ತದೆಂದು ಯೇಸುಸ್ವಾಮಿ ಎಚ್ಚರಿಸಿದ್ದು ಇದನ್ನೇ ಅಲ್ಲವೇ?

ಮೂರನೆಯದು: ಈ ನಿಧಿಯನ್ನು ಹೂಳಿಟ್ಟವರು ಯಾರು? ನಾಣ್ಯಗಳ ಕಾಲವನ್ನು ನೋಡಿದರೆ ಇದು ಕ್ರಿ.ಶ. 407ರ ನಂತರ ಹೂಳಿದ್ದು. ರೋಮನ್ ಆಳ್ವಿಕೆ ಬ್ರಿಟನ್ನಿನಲ್ಲಿ ಕುಸಿಯುತ್ತಿದ್ದ ಗಂಡಾಂತರದ ದಿನಗಳವು. ಸಿರಿವಂತ ಮನೆತನವೊಂದು ಓಕ್ ಮರದ ಪೆಟ್ಟಿಗೆಯೊಳಗೆ ಚಿಕ್ಕ ಪೆಟ್ಟಿಗೆಗಳನ್ನಿಟ್ಟು, ಚಮಚಗಳನ್ನು ಒಂದರ ಮೇಲೊಂದು ಜೋಡಿಸಿ, ಒಣಹುಲ್ಲು ಬಟ್ಟೆಗಳ ಮೆತ್ತೆಮಾಡಿ, ಪುಟ್ಟ ಬೆಳ್ಳಿಯ ಬೀಗಗಳನ್ನೂ ಹಾಕಿ ಹೂಳಿತು. ಅದರಲ್ಲಿ ಮೆಣಸಿನಪುಡಿ ಉದುರಿಸುವ ಬೆಳ್ಳಿಯ ಕುಡಿಕೆಗಳೂ ನಾಲ್ಕಿವೆ. ಆಗ ಕರಿಮೆಣಸು ನಮ್ಮ ದೇಶದ ಪಶ್ಚಿಮ ಕರಾವಳಿಯಿಂದ ಹಡಗೇರಿ ರೋಮನ್ನರ ಊಟದ ಮೇಜಿಗೆ ಹೋಗುತ್ತಿತ್ತು. ಅಂತಹ ವೈಭವದ ಮನೆ! ಬೆಳ್ಳಿಯ ಸಾಮಾನಿನ ಮೇಲೆ ಕ್ರಿಸ್ತನ ಹೆಸರಿನ ಮೊದಲ ಎರಡು ಗ್ರೀಕ್ ಅಕ್ಷರಗಳನ್ನು ಹೆಣೆದ ಮುದ್ರೆಯೂ ಇದೆ. ಒಂದು ಚಮಚದ ಮೇಲೆ ‘ದೇವರಲ್ಲಿ ಬಾಳು’ ಎಂಬ ಅರ್ಥದ ಲತೀನ್ ಬರಹವಿದೆ. ಎಂದರೆ ನಮ್ಮಂತೆಯೇ ಕ್ರೈಸ್ತರ ಮನೆ ಇದ್ದೀತು. ಮರಳಿ ಬಂದು ತೆಗೆಯುತ್ತೇವೆಂದುಕೊಂಡು ಹೋದರು. ಬರಲಿಲ್ಲ. ಬೀಗ ಹಾಕಿದವರು ಮಣ್ಣಾದರು. ದೇವರಲ್ಲಿ ಬಾಳು ಎಂಬ ಮಾತು ಸುಮಾರು 1,600 ವರ್ಷ ಕತ್ತಲೆಯಲ್ಲಿ ಬಿದ್ದಿತ್ತು. ನಮ್ಮ ವಿಶ್ವಾಸವನ್ನು ನಾವೂ ಹೀಗೆಯೇ ಬೆಲೆಬಾಳುವ ವಸ್ತುಗಳ ನಡುವೆ ಭದ್ರವಾಗಿ ಹೂಳಿಟ್ಟಿಲ್ಲವಷ್ಟೇ?

ಸಂತ ಲೂಕನ ಶುಭಸಂದೇಶದ ಹದಿನೈದನೆಯ ಅಧ್ಯಾಯದಲ್ಲಿ ಒಬ್ಬ ಹೆಂಗಸು ಬರುತ್ತಾಳೆ. ಹತ್ತು ಬೆಳ್ಳಿ ನಾಣ್ಯಗಳಲ್ಲಿ ಒಂದು ಕಳೆದುಹೋಗಿದೆ. ದೀಪ ಹಚ್ಚುತ್ತಾಳೆ, ಮನೆ ಗುಡಿಸುತ್ತಾಳೆ, ಸಿಗುವ ತನಕ ಬಿಡುವುದಿಲ್ಲ. ಸಿಕ್ಕಿದ ಮೇಲೆ ನೆರೆಹೊರೆಯವರನ್ನು ಕರೆದು ಸಂತೋಷಪಡುತ್ತಾಳೆ. ನಿಸ್ಸಾದ ಸಂತ ಗ್ರೆಗೊರಿಯವರು ಈ ನಾಣ್ಯವನ್ನು ನಮ್ಮ ಆತ್ಮದಲ್ಲಿ ಮೂಡಿರುವ ದೇವರ ರೂಪವೆಂದು ಅರ್ಥೈಸುತ್ತಾರೆ. ನಾಣ್ಯದ ಮೇಲೆ ಅರಸನ ಮುಖವಿರುವಂತೆ ನಮ್ಮ ಮೇಲೆ ದೇವರ ಮುಖವಿದೆ. ಪಾಪದ ಕೊಳೆ ಅದನ್ನು ಮುಚ್ಚುತ್ತದೆ, ಅಳಿಸುವುದಿಲ್ಲ. ಆದ್ದರಿಂದ ಹುಡುಕಬೇಕಾದದ್ದು ಹೊರಗೆಲ್ಲೋ ಅಲ್ಲ, ಮನೆಯೊಳಗೇ.

ಲೋಹಶೋಧಕದ ಬಗ್ಗೆ ಇನ್ನೊಂದು ವಿಷಯವನ್ನು ಹೇಳಲೇಬೇಕು. ಕಸದ ಸದ್ದು ಕೇಳಿ ಬೇಸತ್ತವರಿಗಾಗಿ ಅದರಲ್ಲಿ ಒಂದು ತಿರುಪು ಇದೆ. ಅದನ್ನು ತಿರುಗಿಸಿದರೆ ತಗಡಿನ ಚೂರು, ಡಬ್ಬಿಯ ಬಳೆ ಮುಂತಾದವು ಸಿಕ್ಕಾಗ ಯಂತ್ರ ಸುಮ್ಮನಿರುತ್ತದೆ. ಎಷ್ಟು ಅನುಕೂಲ! ಆದರೆ ಒಂದು ತೊಡಕು. ಚಿನ್ನದ ತೆಳು ಉಂಗುರವೂ ಅಲ್ಯುಮಿನಿಯಂ ಚೂರೂ ಯಂತ್ರದ ಕಿವಿಗೆ ಹೆಚ್ಚುಕಡಿಮೆ ಒಂದೇ. ಕಸ ಬೇಡವೆಂದು ತಿರುಪು ತಿರುಗಿಸಿದವನು ಉಂಗುರದ ಮೇಲೆಯೇ ನಡೆದುಹೋಗುತ್ತಾನೆ.

ಇಲ್ಲಿ ನನ್ನ ಮನೆಯ ಮಾತನ್ನೇ ಹೇಳಬೇಕು. ನನ್ನ ತಾಯಿ ತೀರಿಕೊಂಡ ಮೇಲೆ ಅವರ ಎರಡೆಳೆ ಸರದ ವಿಷಯದಲ್ಲಿ ಅಣ್ಣನಿಗೂ ಅಕ್ಕನಿಗೂ ಮನಸ್ತಾಪವಾಯಿತು. ಅಮ್ಮ ಕೊನೆಯ ದಿನಗಳನ್ನು ಅಕ್ಕನ ಮನೆಯಲ್ಲಿ ಕಳೆದರು. ಸರ ಅಲ್ಲಿಯೇ ಉಳಿಯಿತು. ಅಣ್ಣ ವಕೀಲರನ್ನು ಕಂಡ. ಮಾತು ನಿಂತಿತು. ಅಣ್ಣನ ಮಗಳ ಮದುವೆಗೆ ಅಕ್ಕ ಬರಲಿಲ್ಲ. ಆ ಮದುವೆಯ ಬಲಿಪೂಜೆಯನ್ನು ಅರ್ಪಿಸಿದವನು ನಾನು. ಕುಟುಂಬದ ಐಕ್ಯವನ್ನು ಕುರಿತು ಪ್ರಬೋಧನೆ ಮಾಡಿದವನೂ ನಾನೇ! ಯಾರಾದರೂ ಕೇಳಿದರೆ, “ನಾನು ಗುರು, ಒಡವೆಯ ಗೊಡವೆ ನನಗೇಕೆ” ಎನ್ನುತ್ತಿದ್ದೆ. ಕೇಳಿದವರು ಅದನ್ನು ವೈರಾಗ್ಯವೆಂದುಕೊಂಡರು. ನಿಜದಲ್ಲಿ ನಾನು ತಿರುಪು ತಿರುಗಿಸಿಕೊಂಡಿದ್ದೆ. ಅವರಿಬ್ಬರ ಜಗಳದ ಸದ್ದು ನನಗೆ ಕೇಳಿಸುತ್ತಿರಲಿಲ್ಲ. ಅದರ ಜೊತೆಗೆ ಅವರಿಬ್ಬರ ಅಳುವೂ ಕೇಳಿಸುತ್ತಿರಲಿಲ್ಲ.

1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡರಿಗೆ ಗುಂಡು ತಗಲಿದಾಗ, ಟೆಲಿಫೋನಿಗೆ ಹೆಸರಾದ ಗ್ರಹಾಂ ಬೆಲ್ ಅವರು ತಮ್ಮ ಲೋಹಶೋಧಕವನ್ನು ತಂದು ಗುಂಡನ್ನು ಹುಡುಕಿದರು. ಗುಂಡು ಬಲಗಡೆಯೇ ಇದೆಯೆಂದು ವೈದ್ಯರು ಮೊದಲೇ ತೀರ್ಮಾನಿಸಿಬಿಟ್ಟಿದ್ದರು. ಬಲಗಡೆ ಮಾತ್ರ ಹುಡುಕಲು ಬಿಟ್ಟರು. ಹಾಸಿಗೆಯ ಲೋಹದ ಸ್ಪ್ರಿಂಗುಗಳೂ ಯಂತ್ರವನ್ನು ದಾರಿ ತಪ್ಪಿಸಿದುವು. ಗುಂಡು ಸಿಗಲಿಲ್ಲ, ಅಧ್ಯಕ್ಷರು ತೀರಿಕೊಂಡರು. ಮರಣೋತ್ತರ ಪರೀಕ್ಷೆಯಲ್ಲಿ ಅದು ಎಡಗಡೆ ಇತ್ತು. ನಾನೂ ಹಾಗೆಯೇ. ತಪ್ಪು ಅಣ್ಣನದೋ ಅಕ್ಕನದೋ ಎಂದು ಐದು ವರ್ಷ ಹುಡುಕಿದೆ. ನನ್ನ ಕಡೆ ಹುಡುಕಲೇ ಇಲ್ಲ. ಇಬ್ಬರೂ ಮಾತು ಕೇಳಬಹುದಾಗಿದ್ದ ಒಬ್ಬನೇ ವ್ಯಕ್ತಿ ನಾನಾಗಿದ್ದೆ. ನಾನೇ ಬಾಯಿ ತೆರೆಯಲಿಲ್ಲ.

ಕಳೆದ ತಪಸ್ಸು ಕಾಲದಲ್ಲಿ ಪಾಪನಿವೇದನೆ ಮಾಡಿದ ಮೇಲೆ ಅಕ್ಕನ ಮನೆಗೆ ಹೋದೆ. “ಈಗ ದಾರಿ ಗೊತ್ತಾಯ್ತಾ ಫಾದರ್ ಅವ್ರಿಗೆ?” ಎಂದರು. ಕಾಫಿ ಕೊಟ್ಟರು. ಆಮೇಲೆ ಬೀರು ತೆರೆದು ತೋರಿಸಿದರು. ಸರ ಅಮ್ಮ ಸುತ್ತಿಟ್ಟಿದ್ದ ಹಳೆಯ ಕರವಸ್ತ್ರದಲ್ಲಿಯೇ ಇತ್ತು. “ಒಂದು ದಿನವೂ ಹಾಕ್ಕೊಂಡಿಲ್ಲ. ಅಣ್ಣ ಬಂದು ಒಂದ್ಸಲ ಕೇಳಿದ್ರೆ ಕೊಟ್ಬಿಡ್ತಿದ್ದೆ. ಕೇಳ್ಲಿಲ್ಲ. ನೋಟೀಸು ಕಳಿಸ್ದ” ಎಂದು ಕಣ್ಣೊರೆಸಿಕೊಂಡರು. ನಾನು ಅಲ್ಲಿಂದಲೇ ಅಣ್ಣನಿಗೆ ಫೋನು ಮಾಡಿ, ಫೋನನ್ನು ಅಕ್ಕನ ಕೈಗೆ ಕೊಟ್ಟೆ. ಎರಡು ನಿಮಿಷ ಮಾತನಾಡಿದರು. ಅವರ ಮಂಡಿನೋವು ಹೇಗಿದೆಯೆಂದು ಅಣ್ಣ ಕೇಳಿದನಂತೆ. ಸರದ ಮಾತನ್ನು ಇಬ್ಬರೂ ಎತ್ತಲಿಲ್ಲ. ವ್ಯಾಜ್ಯ ಇನ್ನೂ ಮುಗಿದಿಲ್ಲ. ಆದರೆ ಹುಡುಕಾಟ ಶುರುವಾಗಿದೆ.

ಬಂಧುಗಳೇ, ನಿಮ್ಮ ಮನೆಯಲ್ಲಿ ಕಳೆದುಹೋಗಿರುವವರು ಯಾರು? ಮಾತು ಬಿಟ್ಟ ತಮ್ಮನೇ? ತವರಿಗೆ ಬಾರದ ಮಗಳೇ? ಚರ್ಚಿಗೆ ಬರುವುದನ್ನು ನಿಲ್ಲಿಸಿದ ಮಗನೇ? ಅವರನ್ನು ಉಪಯೋಗವಿಲ್ಲದ ತಗಡೆಂದು ತಿರುಪು ತಿರುಗಿಸಿಕೊಂಡಿದ್ದೀರಾ? ಈ ವಾರ ಒಂದು ಸಂಜೆ ಮನೆಯವರೆಲ್ಲ ಕೂಡಿ ಜಪಸರ ಹೇಳಿದ ಮೇಲೆ ಆ ಒಂದು ಹೆಸರನ್ನು ಗಟ್ಟಿಯಾಗಿ ಹೇಳಿ ಪ್ರಾರ್ಥಿಸಿರಿ. ಆನಂತರ ಮೊಣಕಾಲೂರಿ ಅಗೆಯಿರಿ. ಒಂದು ಪತ್ರ ಬರೆಯಿರಿ, ಒಂದು ಬಾಗಿಲು ತಟ್ಟಿರಿ. ಮೊದಲು ಮೊಳೆಗಳೇ ಸಿಗಬಹುದು, ಕೈಗೆ ಚುಚ್ಚಲೂಬಹುದು. ಬಿಡಬೇಡಿ. ಆ ಹೆಂಗಸು ಸಿಗುವ ತನಕ ಬಿಡಲಿಲ್ಲ. ದೇವರೂ ನಮ್ಮನ್ನು ಹುಡುಕುವುದನ್ನು ಬಿಟ್ಟಿಲ್ಲ.

ಪ್ರಾರ್ಥಿಸೋಣ: ಪ್ರಭುವೇ, ಕಳೆದುಹೋದ ನಮ್ಮನ್ನು ನೀವು ದೀಪ ಹಿಡಿದು ಹುಡುಕಿದಿರಿ. ನಾವು ಕಳೆದುಕೊಂಡ ಸಹೋದರ ಸಹೋದರಿಯರನ್ನು ಹುಡುಕುವ ತಾಳ್ಮೆಯನ್ನು ನಮಗೂ ದಯಪಾಲಿಸಿರಿ. ಸಿಕ್ಕಿದ್ದನ್ನು ಹಂಚಿಕೊಳ್ಳುವ ಮನಸ್ಸನ್ನೂ ಕೊಡಿರಿ. ಆಮೆನ್.