ರೋಗಪೀಡಿತ ಮನಸ್ಸು ಮತ್ತು ನಮ್ಮ ಹೊಣೆ



ಕಾಲು ಮುರಿದವರು ಕುಳಿತು ನಮಾಝ್ ಮಾಡಿದರೆ ನಾವು ಅವರ ಈಮಾನನ್ನು ಶಂಕಿಸುವುದಿಲ್ಲ. ಜ್ವರದಿಂದ ಮಲಗಿದವರು ಜುಮುಅಕ್ಕೆ ಬಾರದಿದ್ದರೆ ಮನೆಗೆ ಹೋಗಿ ದುಆ ಮಾಡಿ ಬರುತ್ತೇವೆ. ಆದರೆ ರೋಗವು ಮೆದುಳಿಗೋ ಮನಸ್ಸಿಗೋ ತಗಲಿದಾಗ ನಮ್ಮ ನಾಲಗೆ ಬೇರೆಯೇ ಮಾತಾಡುತ್ತದೆ. 'ಅವನಿಗೆ ಸೊಕ್ಕು', 'ಅವಳಿಗೆ ಸೋಮಾರಿತನ', 'ಅಲ್ಲಾಹನ ಮೇಲೆ ಭರವಸೆ ಇದ್ದರೆ ಹೀಗಾಗುತ್ತಿತ್ತೇ?' ಎಂದು ಸುಲಭವಾಗಿ ತೀರ್ಪು ಕೊಟ್ಟುಬಿಡುತ್ತೇವೆ.

ನಾನೂ ಅಂತಹ ತೀರ್ಪು ಕೊಟ್ಟವನೇ. ಕೆಲವು ವರ್ಷಗಳ ಹಿಂದೆ ನಾನು ಕಲಿಸುತ್ತಿದ್ದ ಮದ್ರಸದ ಬಳಿ ದಿನಸಿ ಅಂಗಡಿಯಿಟ್ಟಿದ್ದ ಒಬ್ಬ ಹಿರಿಯರಿದ್ದರು. ಬಹಳ ಮೃದು ಸ್ವಭಾವ. ಬೈಕ್ ಅಪಘಾತದಲ್ಲಿ ತಲೆಗೆ ಪೆಟ್ಟಾಗಿ ಆಸ್ಪತ್ರೆ ಸೇರಿ ಮರಳಿದರು. ಗಾಯ ಒಣಗಿತು. ನೋಡುವವರಿಗೆ ಅವರು ಗುಣಮುಖರೇ. ಆದರೆ ಗಿರಾಕಿಗಳ ಮೇಲೆ ರೇಗತೊಡಗಿದರು. ಬೇಡದ ಸರಕನ್ನು ಮೂಟೆಗಟ್ಟಲೆ ಕೊಂಡರು. ಸುನ್ನತ್ ನಮಾಝ್‌ನಲ್ಲಿ ರಕಅತ್‌ಗಳ ಎಣಿಕೆ ತಪ್ಪತೊಡಗಿತು; ನಾಚಿಕೆಯಿಂದ ಮಸೀದಿಗೆ ಬರುವುದನ್ನೇ ಬಿಟ್ಟರು. ಒಂದು ದಿನ ಅಂಗಡಿಯ ಮುಂದೆ, ನಾಲ್ಕು ಜನರಿಗೆ ಕೇಳುವಂತೆ ನಾನು ಹೇಳಿದೆ: "ಕಾಕ, ಅಲ್ಲಾಹನು ನಿಮ್ಮ ಜೀವ ಉಳಿಸಿಕೊಟ್ಟ. ಅದಕ್ಕೆ ಕೃತಜ್ಞತೆ ಸಲ್ಲಿಸುವ ಕ್ರಮ ಇದೇ ಏನು?"

ಅವರು ಉತ್ತರ ಕೊಡಲಿಲ್ಲ. ಮರುದಿನ ಅವರ ಮಗಳು ಮದ್ರಸದ ಬಾಗಿಲಿಗೆ ಬಂದು ನಿಂತಳು. "ಉಸ್ತಾದರೇ, ಅಬ್ಬ ರಾತ್ರಿಯಿಡೀ ಅತ್ತರು. 'ಮೊದಲಿನ ಹಾಗೆ ಆಗಬೇಕೆಂದು ನನಗೂ ಆಸೆ ಇದೆ, ಹೇಗೆಂದೇ ತಿಳಿಯುತ್ತಿಲ್ಲ' ಎನ್ನುತ್ತಿದ್ದರು" ಎಂದಳು.

ಆ ರಾತ್ರಿ ನನಗೆ ವಿದ್ಯಾರ್ಥಿಯಾಗಿದ್ದಾಗ ಓದಿದ ಒಂದು ಹದೀಸ್ ನೆನಪಾಯಿತು. ಮುನ್ಕಿದ್ ಬಿನ್ ಅಮ್ರ್(ರ) ಎಂಬ ಸಹಾಬಿಯ ತಲೆಗೆ ಗಾಯವಾಗಿ ನಾಲಗೆ ತೊದಲುತ್ತಿತ್ತು. ಆದರೂ ಅವರು ವ್ಯಾಪಾರ ಬಿಡಲಿಲ್ಲ, ಮತ್ತೆ ಮತ್ತೆ ಮೋಸಹೋಗುತ್ತಿದ್ದರು ಎಂದು ಇಬ್ನುಮಾಜಃದಲ್ಲಿದೆ. ಪ್ರವಾದಿವರ್ಯರು(ಸ) ಅವರನ್ನು ಗದರಿಸಲಿಲ್ಲ. ವ್ಯಾಪಾರ ಮಾಡುವಾಗ 'ಲಾ ಖಿಲಾಬ', ಅಂದರೆ ವಂಚನೆ ಸಲ್ಲದು, ಎಂದು ಹೇಳಲು ಕಲಿಸಿದರು. ಕೊಂಡ ಪ್ರತಿಯೊಂದು ವಸ್ತುವನ್ನೂ ಇಟ್ಟುಕೊಳ್ಳಲು ಅಥವಾ ಹಿಂದಿರುಗಿಸಲು ಮೂರು ರಾತ್ರಿಗಳ ಅವಕಾಶವನ್ನು ಕೊಟ್ಟರು. ಅಬೂದಾವೂದ್‌ನ ವರದಿಯಲ್ಲಿ, ವ್ಯವಹಾರದಲ್ಲಿ ದುರ್ಬಲರಾಗಿದ್ದ ಒಬ್ಬರನ್ನು ವ್ಯಾಪಾರದಿಂದ ತಡೆಯಬೇಕೆಂದು ಮನೆಯವರೇ ಬಂದು ಕೇಳಿದರೆಂದಿದೆ. ಪ್ರವಾದಿವರ್ಯರು(ಸ) ತಡೆದೂ ನೋಡಿದರು. ಬಿಟ್ಟಿರಲಾರೆ ಎಂದು ಅವರು ಹೇಳಿದಾಗ ಅದೇ ರಕ್ಷಣೆಯ ಮಾತನ್ನು ಕಲಿಸಿಕೊಟ್ಟರು.

ಈ ಹದೀಸನ್ನು ನಾನು ಕ್ರಯವಿಕ್ರಯದ ಷರತ್ತಿಗೆ ಪುರಾವೆಯಾಗಿ ಓದಿ ಪರೀಕ್ಷೆಯಲ್ಲಿ ಬರೆದಿದ್ದೆ. ಮೂರು ದಿನಗಳ ನಿಯಮ ನೆನಪಿತ್ತು. ಗಾಯಗೊಂಡ ತಲೆ ಮರೆತುಹೋಗಿತ್ತು!

ಗಾಯ ಒಣಗಿದ ಮೇಲೂ ಮನುಷ್ಯ ಏಕೆ ಬದಲಾಗಿರುತ್ತಾನೆ? 1848ರಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ರೈಲುಹಾದಿಯ ಕೆಲಸದ ಮೇಸ್ತ್ರಿ ಫಿನಿಯಸ್ ಗೇಜ್ ಎಂಬಾತನ ಎಡಗೆನ್ನೆಯಿಂದ ಹೊಕ್ಕ ಕಬ್ಬಿಣದ ಸಲಾಕೆಯೊಂದು ನೆತ್ತಿಯ ಮೂಲಕ ಹೊರಬಿತ್ತು. ಅವನು ಬದುಕಿದ. ಆದರೆ ಮೊದಲು ದಕ್ಷನಾಗಿದ್ದವನು ಸಿಡುಕನೂ ಚಂಚಲನೂ ಆದನೆಂದು ಚಿಕಿತ್ಸೆ ನೀಡಿದ ಡಾ. ಹಾರ್ಲೊ ದಾಖಲಿಸಿದರು. ಹಣೆಯ ಹಿಂದಿನ ಮೆದುಳಿಗೂ ಮನುಷ್ಯನ ನಡವಳಿಕೆಗೂ ಇರುವ ನಂಟಿನ ಅಧ್ಯಯನಕ್ಕೆ ಇಂತಹ ಪ್ರಕರಣಗಳೇ ದಾರಿ ತೋರಿದವು.

ನರರೋಗ ತಜ್ಞ ಆಂಟೋನಿಯೊ ಡಮಾಸಿಯೊ 1994ರ ತಮ್ಮ ಗ್ರಂಥದಲ್ಲಿ, ಮೆದುಳಿನ ಗಡ್ಡೆ ತೆಗೆಸಿಕೊಂಡ ಒಬ್ಬ ರೋಗಿಯ ವಿಷಯ ಬರೆದಿದ್ದಾರೆ. ಬುದ್ಧಿಯ ಪರೀಕ್ಷೆಗಳಲ್ಲಿ ಆತನಿಗೆ ಯಾವ ಕೊರತೆಯೂ ಇರಲಿಲ್ಲ. ಆದರೆ ಭಾವನೆಗಳು ಬತ್ತಿಹೋಗಿದ್ದವು. ಅದರೊಂದಿಗೆ ತೀರ್ಮಾನ ಕೈಗೊಳ್ಳುವ ಶಕ್ತಿಯೂ ಹೋಗಿತ್ತು. ಉದ್ಯೋಗ ಹೋಯಿತು, ಹೂಡಿದ ಹಣ ಹೋಯಿತು, ಸಂಸಾರ ಒಡೆಯಿತು. ಸರಿಯಾಗಿ ಯೋಚಿಸಲು ಬುದ್ಧಿಯೊಂದೇ ಸಾಲದು, ಸ್ವಸ್ಥವಾದ ಭಾವನೆಯೂ ಬೇಕು ಎಂಬುದು ಡಮಾಸಿಯೊ ಕಂಡುಕೊಂಡ ವಿಷಯ. ಆದ್ದರಿಂದ, 'ಮಾತೆಲ್ಲ ಸರಿಯಾಗಿ ಆಡುತ್ತಾನಲ್ಲ, ಬೇಕೆಂದೇ ಹೀಗೆ ಮಾಡುತ್ತಾನೆ' ಎನ್ನುವ ಮೊದಲು ನಾವು ನಾಲಗೆ ಕಚ್ಚಿಕೊಳ್ಳಬೇಕು.

ಪೆಟ್ಟು ಬೀಳದೆಯೂ ಮನಸ್ಸು ಕುಗ್ಗುವುದುಂಟು. ಅದೇ ಖಿನ್ನತೆ. ಪಾರ್ಶ್ವವಾಯು ಬಡಿದವರಲ್ಲಂತೂ ಸುಮಾರು ಮೂವರಲ್ಲಿ ಒಬ್ಬರಿಗೆ ಖಿನ್ನತೆ ಕಾಡುತ್ತದೆ. ಅದು ಬರಿಯ ದುಃಖವಲ್ಲ. ಗಮನ ನಿಲ್ಲುವುದಿಲ್ಲ, ಯೋಚನೆ ನಿಧಾನವಾಗುತ್ತದೆ, ನೆನಪೂ ಕೈಕೊಡುತ್ತದೆ. 1986ರಲ್ಲಿ ಇಂಗ್ಲೆಂಡಿನ ಸಂಶೋಧಕರು, ಆತ್ಮಹತ್ಯೆಗೆ ಯತ್ನಿಸಿ ಉಳಿದವರಿಗೆ ಕೆಲವು ಪದಗಳನ್ನು ಕೊಟ್ಟು ಬದುಕಿನ ಒಂದೊಂದು ನಿರ್ದಿಷ್ಟ ಘಟನೆಯನ್ನು ನೆನಪಿಸಿಕೊಳ್ಳಲು ಹೇಳಿದರು. ಒಂದು ದಿನವನ್ನು, ಒಂದು ಗಳಿಗೆಯನ್ನು ಎತ್ತಿ ಹೇಳುವುದೇ ಅವರಿಗೆ ಕಷ್ಟವಾಯಿತು. ಸಂತೋಷದ ನೆನಪುಗಳ ವಿಷಯದಲ್ಲಂತೂ ಈ ಕಷ್ಟ ಇನ್ನೂ ಹೆಚ್ಚಾಗಿತ್ತು.

ನಾವು ಅಂಥವರಿಗೆ ಹೇಳುವುದೇನು? 'ಅಲ್ಲಾಹನು ನಿನಗೆ ಕೊಟ್ಟ ಅನುಗ್ರಹಗಳನ್ನು ನೆನೆ.' ಉಪದೇಶವೇನೋ ಸತ್ಯ. ಆದರೆ ಗಾಯವಾಗಿರುವುದು ನೆನೆಯುವ ಶಕ್ತಿಗೇ! ಮುರಿದ ಕಾಲಿಗೆ ನಡೆ ಎಂದಂತಾಯಿತು. ಅವರ ಪರವಾಗಿ ನಾವೇ ನೆನೆಯಬೇಕು. ಪಕ್ಕದಲ್ಲಿ ಕುಳಿತು, 'ನಮ್ಮ ಕಿರಿಯವನು ಹುಟ್ಟಿದ ದಿನ ಎಂತಹ ಮಳೆ! ನೀನು ಅವನ ಕಿವಿಯಲ್ಲಿ ಅದಾನ್ ಕೊಡುವಾಗ ಕೊಡೆ ಹಿಡಿದವನು ನಾನೇ ಅಲ್ಲವೇ?' ಎಂದು ಒಂದು ದಿನವನ್ನು, ಒಂದು ಗಳಿಗೆಯನ್ನು ಅವರ ಕೈಗೆ ಕೊಡಬೇಕು.

ದುಃಖವು ಈಮಾನ್ ಇಲ್ಲದಿರುವುದರ ಗುರುತಲ್ಲ. ಯೂಸುಫರನ್ನು(ಅ) ಅಗಲಿದ ಶೋಕದಲ್ಲಿ ಪ್ರವಾದಿ ಯಅ್‌ಕೂಬರ(ಅ) ಕಣ್ಣುಗಳು ಬೆಳ್ಳಗಾದುವೆಂದು ಪವಿತ್ರ ಕುರ್‌ಆನ್ ತಿಳಿಸುತ್ತದೆ. ಅವರಿಗಿಂತ ಗಟ್ಟಿಯಾದ ಈಮಾನ್ ನಮ್ಮದೇ? ಕ್ರಿ.ಶ. 934ರಲ್ಲಿ ನಿಧನರಾದ ಮುಸ್ಲಿಮ್ ವಿದ್ವಾಂಸ ಅಬೂಝೈದ್ ಅಲ್‌ಬಲ್ಖೀ ದೇಹ ಮತ್ತು ಮನಸ್ಸುಗಳ ಆರೋಗ್ಯದ ಬಗ್ಗೆಯೇ ಒಂದು ಗ್ರಂಥ ಬರೆದರು. ಕಾರಣ ತಿಳಿದಿರುವ ದುಃಖ ಬೇರೆ, ಕಾರಣವೇ ತಿಳಿಯದೆ ಕವಿಯುವ ದುಃಖ ಬೇರೆ. ಎರಡನೆಯದಕ್ಕೆ ದೇಹದಲ್ಲೇ ಮೂಲವಿದೆ, ಅದಕ್ಕೆ ಔಷಧೋಪಚಾರ ಬೇಕು ಎಂದು ಅವರು ವಿವರಿಸಿದರು. ಸಾವಿರ ವರ್ಷಗಳ ಹಿಂದೆ ನಮ್ಮ ಹಿರಿಯರು ಬಲ್ಲ ವಿಷಯವನ್ನು ನಾವು ಮರೆತಿದ್ದೇವೆ.

ಮರೆತುದರ ಬೆಲೆ ಏನೆಂದು ಏರ್ವಾಡಿ ಹೇಳುತ್ತದೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಆ ಊರಿನಲ್ಲಿ, ದರ್ಗಾಕ್ಕೆ ಬರುವ ಮನೋರೋಗಿಗಳನ್ನು ಇಟ್ಟುಕೊಳ್ಳುತ್ತಿದ್ದ ಖಾಸಗಿ ಆಶ್ರಯವೊಂದಕ್ಕೆ ಬೆಂಕಿ ಬಿತ್ತು. ಸಂಕೋಲೆಯಲ್ಲಿದ್ದವರು ಓಡಲಾರದೆ ಸುಟ್ಟುಹೋದರು. ಸತ್ತವರು 28 ಮಂದಿ. ಅವರನ್ನು ಅಲ್ಲಿ ಬಿಟ್ಟುಹೋದವರಲ್ಲಿ ಪ್ರೀತಿಯಿದ್ದ ತಂದೆತಾಯಿಗಳೂ ಇದ್ದಿರಬಹುದು. ಪ್ರೀತಿಗೆ ಸರಿಯಾದ ದಾರಿ ತಿಳಿಯದಿದ್ದರೆ ಅದೂ ಸಂಕೋಲೆಯಾಗುತ್ತದೆ. 2017ರ ಮಾನಸಿಕ ಆರೋಗ್ಯ ಕಾಯಿದೆಯು ರೋಗಿಯನ್ನು ಸಂಕೋಲೆಯಲ್ಲಿ ಕಟ್ಟಿಹಾಕುವುದನ್ನು ನಿಷೇಧಿಸಿದೆ. ಆದರೆ ಮಾತಿನ ಸಂಕೋಲೆಯನ್ನು ಬಿಚ್ಚಬೇಕಾದವರು ನಾವೇ.

ದುಆ ಮಾಡೋಣ, ಜೊತೆಗೆ ವೈದ್ಯರ ಬಳಿಗೂ ಕರೆದೊಯ್ಯೋಣ. ಚಿಕಿತ್ಸೆ ಪಡೆಯಬೇಕೆಂದು ಪ್ರವಾದಿವರ್ಯರೇ(ಸ) ಆದೇಶಿಸಿದ್ದಾರೆ. ಬೆಂಗಳೂರಿನ ನಿಮ್ಹಾನ್ಸ್ ಇದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು. ಸಾಯುವ ಮಾತು ಯಾರ ಬಾಯಿಂದ ಬಂದರೂ ಅದನ್ನು ನಾಟಕವೆನ್ನದೆ ಅವರ ಜೊತೆಯಲ್ಲೇ ಇದ್ದು, ಅಂದೇ ನೆರವು ಕೋರೋಣ. ರಕಅತ್ ಎಣಿಕೆ ತಪ್ಪುವ ತಂದೆಗೆ ಮನೆಯಲ್ಲಿ ಮಗನೇ ಇಮಾಮನಾಗಿ ನಿಲ್ಲಲಿ. ಬುದ್ಧಿ ಸ್ವಾಧೀನದಲ್ಲಿಲ್ಲದವನ ಮೇಲಿನಿಂದ ಅದು ಮರಳುವ ತನಕ ಕರ್ಮ ದಾಖಲಿಸುವ ಲೇಖನಿಯನ್ನು ಎತ್ತಲಾಗಿದೆ ಎಂದು ಹದೀಸ್ ತಿಳಿಸುತ್ತದೆ. ಅಲ್ಲಾಹನೇ ಎತ್ತಿದ ಲೇಖನಿಯನ್ನು ನಾವು ಕೈಗೆತ್ತಿಕೊಳ್ಳುವುದು ಬೇಡ. ಬುದ್ಧಿ ಇದ್ದೂ ಮನಸ್ಸು ಕುಗ್ಗಿದವನ ಮೇಲೂ ಆತನು ಸಾಮರ್ಥ್ಯ ಮೀರಿದ ಭಾರ ಹೊರಿಸುವುದಿಲ್ಲ.

ಬುದ್ಧಿಯಲ್ಲಿ ಏನೋ ಊನವಿದ್ದ ಮಹಿಳೆಯೊಬ್ಬಳು ಬಂದು ತನಗೊಂದು ಕೆಲಸವಿದೆ ಎಂದಾಗ, ಯಾವ ಬೀದಿಯಲ್ಲಿ ಬೇಕಾದರೂ ನಿಲ್ಲು, ನಾನು ಬಂದು ಕೇಳುತ್ತೇನೆ ಎಂಬರ್ಥದಲ್ಲಿ ಪ್ರವಾದಿವರ್ಯರು(ಸ) ಹೇಳಿದರು. ಅವಳ ಮಾತು ಮುಗಿಯುವ ತನಕ ನಿಂತು ಕೇಳಿದರು. ಮದೀನದ ಆಡಳಿತ ಹೊತ್ತವರಿಗೆ ಅಷ್ಟು ಸಮಯವಿತ್ತು. ನಮಗಿಲ್ಲವೇ?

ನಾನು ಆ ಅಂಗಡಿಗೆ ಹೋದೆ. ನಾಲ್ಕು ಜನರೆದುರು ಆಡಿದ ಮಾತಿಗೆ ನಾಲ್ಕು ಜನರೆದುರೇ ಕ್ಷಮೆ ಕೇಳಿದೆ. ಸರಕು ತರುವವರಿಗೆ ಹದೀಸ್ ವಿವರಿಸಿದಾಗ, ಅವರು ಕೊಂಡದ್ದನ್ನು ಮೂರು ದಿನಗಳೊಳಗೆ ಹಿಂದಕ್ಕೆ ಪಡೆಯಲು ಒಪ್ಪಿದರು. ಲೆಕ್ಕಕ್ಕೆ ಮಗಳು ಕುಳಿತಳು. ಅವರು ಮೊದಲಿನಂತಾಗಲಿಲ್ಲ, ಈಗಲೂ ಕೆಲವೊಮ್ಮೆ ರೇಗುತ್ತಾರೆ. ಆದರೆ ಮಸೀದಿಗೆ ಬರುತ್ತಾರೆ, ಸಫ್‌ನಲ್ಲಿ ನನ್ನ ಪಕ್ಕದಲ್ಲೇ ನಿಲ್ಲುತ್ತಾರೆ.

ಅಲ್ಲಾಹನು ರೋಗಪೀಡಿತ ಮನಸ್ಸುಗಳಿಗೆ ಶಿಫಾ ಕರುಣಿಸಲಿ. ಆರೋಗ್ಯವಂತರಾದ ನಮ್ಮ ನಾಲಗೆಗಳಿಗೆ ಕರುಣೆಯನ್ನು ಕಲಿಸಲಿ. ಆಮೀನ್.