ಶಿಶುವಿನ ನೋಟ, ಗೃಹಸ್ಥರ ಹೊಣೆ

ಮಗುವಿನ ಬಾಯಿಗೆ ಹೋಗುವ ವಸ್ತುವಿನ ವಿಷಯದಲ್ಲಿ ಮನೆಯವರು ಬಹು ಜಾಗರೂಕರಾಗಿರುತ್ತಾರೆ. ಹಾಲು ಬಿಸಿಯಾಗಿದೆಯೇ ಎಂದು ತಾಯಿ ಮೊದಲು ತನ್ನ ಕೈಮೇಲೆ ಹನಿಸಿ ನೋಡುತ್ತಾಳೆ. ಅನ್ನವನ್ನು ನುಣ್ಣಗೆ ಕಿವುಚಿ ಉಣಿಸುತ್ತಾಳೆ. ನೆಲದ ಮೇಲೆ ಬಿದ್ದುದನ್ನು ಮಗು ಬಾಯಿಗಿಟ್ಟರೆ ಓಡಿಬಂದು ತೆಗೆಯುತ್ತಾಳೆ. ಆದರೆ ಅದೇ ಮಗುವಿನ ಕಣ್ಣಿಗೂ ಕಿವಿಗೂ ಹೋಗುವ ವಸ್ತುವಿನ ವಿಷಯದಲ್ಲಿ ಅಷ್ಟು ಎಚ್ಚರಿಕೆ ಎಲ್ಲ ಮನೆಗಳಲ್ಲಿಯೂ ಕಂಡುಬರುವುದಿಲ್ಲ. ಒಂದೂವರೆ ಎರಡು ವರ್ಷದ ಕೂಸು ಉಣ್ಣಲೊಲ್ಲದಾದಾಗ, ಅಳುವಾಗ, ಇಲ್ಲವೆ ಹಿರಿಯರಿಗೆ ಕೆಲಸವಿರುವಾಗ ಅದರ ಮುಂದೆ ಮೊಬೈಲಿನ ಪರದೆ ಬೆಳಗುತ್ತದೆ. ಅಲ್ಲಿ ಬರುವ ವಿಡಿಯೋಗಳಿಗೆ 'ಶೈಕ್ಷಣಿಕ' ಎಂಬ ಹೆಸರಿದ್ದರೆ ಮನೆಯವರ ಮನಸ್ಸು ಸಮಾಧಾನಗೊಳ್ಳುತ್ತದೆ. ಅಕ್ಷರ ಕಲಿಯುತ್ತಿದೆ, ಬಣ್ಣ ಕಲಿಯುತ್ತಿದೆ, ಆದುದರಿಂದ ಹಾನಿಯಿಲ್ಲ ಎಂಬುದು ಆ ಸಮಾಧಾನದ ಆಧಾರ. ಈ ಆಧಾರವು ಎಷ್ಟು ಗಟ್ಟಿಯಾದುದೆಂಬುದನ್ನು ವಿಚಾರಿಸುವುದು ಅವಶ್ಯ.

ದೊಡ್ಡವರು ತಾವು ನೋಡುವುದನ್ನು ತಾವೇ ಆರಿಸಿಕೊಳ್ಳುತ್ತಾರೆ. ಅದರ ಫಲವೂ ಅವರದೇ. ಕೂಸಿಗೆ ಆ ಸ್ವಾತಂತ್ರ್ಯವಿಲ್ಲ. ಎದುರಿಗೆ ಇಟ್ಟುದನ್ನು ಅದು ನೋಡುತ್ತದೆ. ಆರಿಸುವವನೊಬ್ಬ, ಫಲವನ್ನು ಉಣ್ಣುವವನು ಇನ್ನೊಬ್ಬ. ಇಂಥ ಸ್ಥಿತಿಯಲ್ಲಿ ಆಯ್ಕೆಯು ಕೇವಲ ಅಭಿರುಚಿಯ ಮಾತಾಗಿ ಉಳಿಯುವುದಿಲ್ಲ. ಅದು ಧರ್ಮದ ಮಾತಾಗುತ್ತದೆ.

ಯಾವ ಚಿತ್ರ ಒಳ್ಳೆಯದು ಎಂದು ಕೇಳುವ ಮೊದಲು, ಅಷ್ಟು ಎಳೆಯ ವಯಸ್ಸಿನಲ್ಲಿ ಚಿತ್ರದಿಂದ ಕಲಿಯುವುದು ಎಷ್ಟರಮಟ್ಟಿಗೆ ಸಾಧ್ಯವೆಂದು ಕೇಳಬೇಕು. ಅಮೇರಿಕದ ಸಿಯಾಟಲ್ ನಗರದಲ್ಲಿ ಪೆಟ್ರೀಷಿಯಾ ಕೂಲ್ ಎಂಬ ವಿದುಷಿಯೂ ಅವರ ಸಹೋದ್ಯೋಗಿಗಳೂ 2003ರಲ್ಲಿ ಒಂದು ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ಇಂಗ್ಲಿಷನ್ನು ಮಾತ್ರ ಕೇಳಿ ಬೆಳೆಯುತ್ತಿದ್ದ ಒಂಬತ್ತು ತಿಂಗಳ ಕೂಸುಗಳ ಎದುರಿಗೆ ಚೀನಾದ ಮ್ಯಾಂಡರಿನ್ ಭಾಷೆಯವರು ಕುಳಿತು, ಹನ್ನೆರಡು ಸಲ ಪುಸ್ತಕ ಓದಿದರು, ಆಟಿಕೆಗಳನ್ನು ತೋರಿಸಿ ಆಡಿದರು. ಆ ಕೂಸುಗಳು ಆ ಭಾಷೆಯ ಧ್ವನಿಭೇದಗಳನ್ನು ಗುರುತಿಸಲು ಕಲಿತವು. ಅದೇ ಜನರು, ಅದೇ ಪುಸ್ತಕ, ಅದೇ ಮಾತು ಪರದೆಯ ಮೂಲಕ ಬಂದಾಗ ಬೇರೆ ಕೂಸುಗಳು ಕಣ್ಣಿಟ್ಟು ನೋಡಿದವು. ಆದರೆ ಏನನ್ನೂ ಕಲಿಯಲಿಲ್ಲ. ನೋಡುವುದು ಬೇರೆ, ಕಲಿಯುವುದು ಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಇದರ ಕಾರಣವೂ ತಿಳಿಯಲು ಕಠಿಣವಲ್ಲ. ಎದುರಿಗಿರುವ ಮನುಷ್ಯನು ಕೂಸಿನ ಕಣ್ಣನ್ನು ನೋಡಿ ಮಾತನಾಡುತ್ತಾನೆ. ಅದು ನಕ್ಕರೆ ನಗುತ್ತಾನೆ. ಅದು ಬೆರಳು ತೋರಿದ ಕಡೆಗೆ ತಿರುಗಿ ಆ ವಸ್ತುವಿನ ಹೆಸರನ್ನು ಹೇಳುತ್ತಾನೆ. ಪರದೆಯ ಮೇಲಿನ ಮನುಷ್ಯನಿಗೆ ಕೂಸು ಕಾಣುವುದಿಲ್ಲ. ಅದು ನಕ್ಕರೂ ಅತ್ತರೂ ಅವನ ಹಾಡು ನಿಲ್ಲುವುದಿಲ್ಲ. ಶಿಶುವಿನ ಅರಿವು ಓಗೊಡುವವರ ಸಂಗದಲ್ಲಿ ಮೊಳೆಯುವಂಥದು. 2014ರಲ್ಲಿ ಪ್ರಕಟವಾದ ಮತ್ತೊಂದು ಪರೀಕ್ಷೆಯು ಈ ಮಾತನ್ನೇ ಸಮರ್ಥಿಸಿತು. ಎರಡರಿಂದ ಎರಡೂವರೆ ವರ್ಷದ ಮಕ್ಕಳು ಮೊದಲೇ ಮುದ್ರಿಸಿಟ್ಟ ವಿಡಿಯೋದಿಂದ ಹೊಸ ಪದಗಳನ್ನು ಕಲಿಯಲಿಲ್ಲ. ಆದರೆ ವಿಡಿಯೋ ಕರೆಯಲ್ಲಿ ಅವರೊಡನೆ ಮಾತಿಗೆ ಮಾತು ಕೊಟ್ಟ ವ್ಯಕ್ತಿಯಿಂದ ಕಲಿತರು. ಧಾರವಾಡದಲ್ಲಿರುವ ಅಜ್ಜಿಯು ಪರದೇಶದಲ್ಲಿರುವ ಮೊಮ್ಮಗನೊಡನೆ ಮೊಬೈಲಿನಲ್ಲಿ ಮಾತನಾಡಿದರೆ ಆ ಮಾತಿಗೆ ಬೆಲೆಯುಂಟು, ಏಕೆಂದರೆ ಅಜ್ಜಿ ಉತ್ತರ ಕೊಡುತ್ತಾಳೆ. ದೋಷವು ಗಾಜಿನ ಪರದೆಯದಲ್ಲ; ಅದರ ಹಿಂದೆ ಯಾರೂ ಇಲ್ಲದಿರುವುದೇ ಕೊರತೆ.

ಇನ್ನು ಎರಡನೆಯ ವಿಷಯ. ಇದು ಕೂಸಿಗಿಂತ ಹೆಚ್ಚಾಗಿ ತಂದೆತಾಯಿಗಳಿಗೆ ಸಂಬಂಧಿಸಿದುದು. 2010ರಲ್ಲಿ ಜೂಡಿ ಡಿಲೋಷ್ ಮೊದಲಾದ ಸಂಶೋಧಕರು ಒಂದರಿಂದ ಒಂದೂವರೆ ವರ್ಷದ ಮಕ್ಕಳಿಗೆ ಪದಗಳನ್ನು ಕಲಿಸುವುದೆಂದು ಮಾರಾಟವಾಗುತ್ತಿದ್ದ ಒಂದು ವಿಡಿಯೋವನ್ನು ಪರೀಕ್ಷಿಸಿದರು. ಒಂದು ತಿಂಗಳ ಕಾಲ ಅದನ್ನು ನೋಡಿದ ಮಕ್ಕಳು, ನೋಡದೆ ಇದ್ದ ಮಕ್ಕಳಿಗಿಂತ ಹೆಚ್ಚು ಪದಗಳನ್ನೇನೂ ಕಲಿಯಲಿಲ್ಲ. ವಿಡಿಯೋ ಇಲ್ಲದೆ, ದಿನನಿತ್ಯದ ಕೆಲಸದ ನಡುವೆ ತಂದೆತಾಯಿಗಳೇ ಆ ಪದಗಳನ್ನು ಹೇಳಿಕೊಟ್ಟ ಮಕ್ಕಳೇ ಎಲ್ಲರಿಗಿಂತ ಮುಂದಿದ್ದರು. ಇದಕ್ಕಿಂತ ವಿಚಾರಾರ್ಹವಾದ ಸಂಗತಿ ಇನ್ನೊಂದುಂಟು. ಯಾವ ತಂದೆತಾಯಿಗಳು ಆ ವಿಡಿಯೋವನ್ನು ಮೆಚ್ಚಿದ್ದರೋ ಅವರೇ ತಮ್ಮ ಮಗು ಅದರಿಂದ ಬಹಳ ಕಲಿತಿದೆಯೆಂದು ನಂಬಿದ್ದರು. ಕಲಿಕೆಯು ಮಗುವಿನಲ್ಲಿ ಆಗಿರಲಿಲ್ಲ. ನಂಬಿಕೆಯು ಹಿರಿಯರಲ್ಲಿ ಬೆಳೆದಿತ್ತು. 'ಬೇಬಿ ಐನ್‌ಸ್ಟೈನ್' ಎಂಬ ಹೆಸರಿನ ಶಿಶುಚಿತ್ರಗಳು ಅಮೇರಿಕದಲ್ಲಿ ಅಪಾರವಾಗಿ ಮಾರಾಟವಾಗಿದ್ದವು. ಅವುಗಳ ಒಡೆತನವಿದ್ದ ಡಿಸ್ನಿ ಸಂಸ್ಥೆಯು 2009ರಲ್ಲಿ, ಕೊಂಡವರು ಬಯಸಿದರೆ ಹಣ ಹಿಂದಿರುಗಿಸುವುದಾಗಿ ಹೇಳಬೇಕಾಯಿತು. ಮುಖಪುಟದ ಮೇಲಿನ ಹೆಸರನ್ನು ಓದುವುದು ಕೂಸಲ್ಲ, ಕೊಳ್ಳುವವರು. ಆ ಹೆಸರು ಅವರಿಗಾಗಿಯೇ ಬರೆದುದು.

ಹಾಗೆಂದು ಎಲ್ಲವನ್ನೂ ತಿರಸ್ಕರಿಸಬೇಕಾಗಿಲ್ಲ. ಮಗು ಎರಡು ವರ್ಷಗಳನ್ನು ದಾಟಿ ಮೂರರತ್ತ ನಡೆಯುವಾಗ ಚಿತ್ರದಲ್ಲಿ ಕಂಡುದನ್ನು ಲೋಕದೊಡನೆ ಹೊಂದಿಸಿಕೊಳ್ಳುವ ಶಕ್ತಿ ಕ್ರಮೇಣ ಬರುತ್ತದೆ. ಆಗ ಒಳ್ಳೆಯದೆಂಬುದುಂಟು, ಕೆಟ್ಟದ್ದೆಂಬುದೂ ಉಂಟು. ಅಮೇರಿಕದ ಟೆಲಿವಿಷನ್ನಿನಲ್ಲಿ 1968ರಲ್ಲಿ ರಾಷ್ಟ್ರಾದ್ಯಂತ ಪ್ರಸಾರವಾಗತೊಡಗಿದ ಫ್ರೆಡ್ ರಾಜರ್ಸ್ ಎಂಬುವರ ಕಾರ್ಯಕ್ರಮದಲ್ಲಿ ಸಡಗರವೇ ಇರಲಿಲ್ಲ. ಅವರು ಮನೆಯೊಳಗೆ ಬಂದು ಪಾದರಕ್ಷೆ ಬದಲಿಸುವರು, ಮೀನುಗಳಿಗೆ ಆಹಾರ ಹಾಕುವರು, ನಿಧಾನವಾಗಿ ಮಾತನಾಡುವರು. 1969ರ ನವೆಂಬರ್ 10ರಂದು ಆರಂಭವಾದ 'ಸೆಸಮಿ ಸ್ಟ್ರೀಟ್' ಮೂರರಿಂದ ಐದು ವರ್ಷದ ಮಕ್ಕಳಿಗಾಗಿ ವಿದ್ವಾಂಸರೂ ಕಲಾವಿದರೂ ಕೂಡಿ ಸಿದ್ಧಪಡಿಸಿದುದು. ಚಿತ್ರದ ಪಕ್ಕದಲ್ಲಿಯೇ ಏಳೂವರೆ ಸೆಕೆಂಡಿಗೊಮ್ಮೆ ಬದಲಾಗುವ ಬೇರೆ ಚಿತ್ರಗಳನ್ನಿಟ್ಟು, ಮಗುವಿನ ಕಣ್ಣು ಎಲ್ಲಿ ಚಂಚಲವಾಗುವುದೆಂದು ಅವರು ಪರೀಕ್ಷಿಸಿ ತಿದ್ದುತ್ತಿದ್ದರು. 1996ರಲ್ಲಿ ಬಂದ 'ಬ್ಲೂಸ್ ಕ್ಲೂಸ್' ಎಂಬ ಕಾರ್ಯಕ್ರಮವು ಪ್ರಶ್ನೆ ಕೇಳಿ, ಮಗು ಉತ್ತರಿಸುವಷ್ಟು ಹೊತ್ತು ಸುಮ್ಮನಿರುತ್ತಿತ್ತು. ಒಂದೇ ಸಂಚಿಕೆಯನ್ನು ಐದು ದಿನ ಮತ್ತೆ ಮತ್ತೆ ತೋರಿಸುತ್ತಿದ್ದರು. ಹಿರಿಯರಿಗೆ ಬೇಸರ ತರುವ ಆ ಪುನರಾವೃತ್ತಿಯೇ ಮಗುವಿಗೆ ತಿಳಿವಿನ ಹಾದಿ.

ಇವುಗಳಿಂದ ಗೃಹಸ್ಥರಿಗೆ ಕೆಲವು ಅಳತೆಗೋಲುಗಳು ದೊರೆಯುತ್ತವೆ. ಚಿತ್ರವು ನಿಧಾನವಾಗಿದೆಯೇ? ಒಂದು ವಿಷಯದಲ್ಲಿ ನಿಲ್ಲುತ್ತದೆಯೇ? ಮಗುವಿನ ಉತ್ತರಕ್ಕೆ ಕಾಯುತ್ತದೆಯೇ? ಅದರಲ್ಲಿ ಬರುವ ವಸ್ತುಗಳು ಮಗುವಿನ ಬಾಳಿಗೆ ಹತ್ತಿರವೇ? ಅದರ ಭಾಷೆ ಮನೆಯಲ್ಲಿ ಆಡುವ ಭಾಷೆಯೇ, ಅಥವಾ ಮನೆಯವರು ಮುಂದುವರಿಸಬಲ್ಲ ಭಾಷೆಯೇ? ಕೊನೆಯದಾಗಿ, ಅದಕ್ಕೆ ಮುಕ್ತಾಯವುಂಟೇ? ಹಿಂದಿನ ಕಾರ್ಯಕ್ರಮಗಳು ಗಡಿಯಾರದ ಹೊತ್ತಿಗೆ ಮುಗಿಯುತ್ತಿದ್ದವು. ಇಂದಿನ ಯೂಟ್ಯೂಬಿನಂಥ ಸಾಧನಗಳಲ್ಲಿ ಒಂದು ಮುಗಿಯುವಷ್ಟರಲ್ಲಿ ಮತ್ತೊಂದು ತಾನಾಗಿಯೇ ತೊಡಗಬಹುದು. ಸೆಸಮಿ ಸ್ಟ್ರೀಟಿನವರು ಮಗುವಿನ ಗಮನವನ್ನು ಬಯಸಿದ್ದು ಪಾಠ ಹೇಳುವುದಕ್ಕಾಗಿ. ಜಾಹೀರಾತಿನಿಂದ ನಡೆಯುವ ಕಡೆ ಆ ಗಮನವೇ ಸರಕು. ಆದುದರಿಂದ ಮುಂದಿನದು ತಾನಾಗಿ ಬರದಂತೆ ಮಾಡಿ, ಏನನ್ನು ಎಷ್ಟು ತೋರಿಸುವುದೆಂದು ಮೊದಲೇ ಹಿರಿಯರು ನೋಡಿ ನಿಶ್ಚಯಿಸುವುದು ಯುಕ್ತ.

ಕಾಲದ ಮಿತಿಯ ವಿಷಯದಲ್ಲಿ ವೈದ್ಯರ ಮಾತು ಬಹುಮಟ್ಟಿಗೆ ಒಂದೇ ದಿಕ್ಕಿನಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ, ಒಂದು ವರ್ಷದ ಮಕ್ಕಳಿಗೂ ಪರದೆ ಸಲ್ಲದು, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಯನ್ನು ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂದು ಹೇಳಿತು. ಭಾರತದ ಶಿಶುವೈದ್ಯರ ಸಂಘವೂ ಎರಡು ವರ್ಷದೊಳಗಿನವರಿಗೆ ಬಂಧುಗಳೊಡನೆ ಆಗಾಗ ಆಡುವ ವಿಡಿಯೋ ಕರೆಯೊಂದನ್ನುಳಿದು ಪರದೆ ಬೇಡವೆಂದಿದೆ.

ಇಲ್ಲಿ ಒಂದು ಆಕ್ಷೇಪಣೆ ಏಳಬಹುದು. ಅದನ್ನು ಹಗುರವಾಗಿ ಕಾಣಬಾರದು. ಕೂಡುಕುಟುಂಬಗಳು ವಿರಳವಾಗಿವೆ. ಮೂರು ಕೋಣೆಗಳ ಮನೆಯಲ್ಲಿ ಒಬ್ಬಳೇ ತಾಯಿ ಅಡಿಗೆ, ಬಟ್ಟೆ, ಕೂಸು, ಕೆಲವೊಮ್ಮೆ ಹೊರಗಿನ ಉದ್ಯೋಗ ಎಲ್ಲವನ್ನೂ ಹೊತ್ತಿರುತ್ತಾಳೆ. ಆಕೆಗೆ ಇಪ್ಪತ್ತು ನಿಮಿಷದ ಬಿಡುವು ಕೊಡುವ ವಸ್ತುವನ್ನು ನಿಂದಿಸುವ ಅಧಿಕಾರ ಯಾರಿಗುಂಟು? ವಿಶ್ರಾಂತಿಯನ್ನು ಬಯಸುವುದು ಪಾಪವಲ್ಲ. ಆದರೆ ವಿಶ್ರಾಂತಿಯನ್ನು ವಿಶ್ರಾಂತಿಯೆಂದೇ ಕರೆಯಬೇಕು; ಅದಕ್ಕೆ ಶಿಕ್ಷಣವೆಂಬ ಹೆಸರನ್ನು ಕೊಡಬಾರದು. ಈ ಪ್ರಶ್ನೆಯ ಮರ್ಮವು ಇರುವುದು ಇಲ್ಲಿಯೇ. 'ಇದು ನನ್ನ ಬಿಡುವಿಗಾಗಿ' ಎಂದು ತಿಳಿದವರು ಬಿಡುವು ತೀರಿದೊಡನೆ ಪರದೆಯನ್ನು ಆರಿಸುತ್ತಾರೆ. 'ಇದು ಮಗುವಿನ ವಿದ್ಯೆಗಾಗಿ' ಎಂದು ನಂಬಿದವರಿಗೆ ಆರಿಸಲು ಕಾರಣವೇ ತೋರುವುದಿಲ್ಲ. ವಿದ್ಯೆ ಹೆಚ್ಚಾದಷ್ಟೂ ಒಳ್ಳೆಯದಲ್ಲವೇ? ಇಪ್ಪತ್ತು ನಿಮಿಷವು ಎರಡು ಗಂಟೆಯಾಗುವುದು ಆಲಸ್ಯದಿಂದಲೇ ಅಲ್ಲ. ಎಷ್ಟೋ ಸಲ ತಪ್ಪು ಹೆಸರಿನಿಂದ. ನುಡಿಯಲ್ಲಿ ಸತ್ಯವಿದ್ದರೆ ನಡೆಯಲ್ಲಿ ಮಿತಿ ತಾನಾಗಿ ಬರುತ್ತದೆ. ಈ ಭಾರವು ತಾಯಿಯೊಬ್ಬಳದೇ ಅಲ್ಲವೆಂಬುದನ್ನೂ ಹೇಳಬೇಕು. ಸಂಜೆ ಮನೆಗೆ ಬಂದ ತಂದೆಯು ಅರ್ಧ ಗಂಟೆ ಕೂಸಿನೊಡನೆ ನೆಲದ ಮೇಲೆ ಕುಳಿತರೆ, ಆ ತಾಯಿಗೆ ಬೇಕಾದ ಬಿಡುವೂ ಆ ಕೂಸಿಗೆ ಬೇಕಾದ ಸಂಗವೂ ಒಮ್ಮೆಗೇ ಸಿದ್ಧಿಸುತ್ತವೆ.

ಚಿತ್ರವನ್ನು ತೋರಿಸುವಾಗಲೂ ಸಾಧ್ಯವಾದಾಗಲೆಲ್ಲ ಒಬ್ಬರು ಪಕ್ಕದಲ್ಲಿ ಕೂಡುವುದು ಲೇಸು. ಪರದೆಯ ಮೇಲೆ ಹಸು ಬಂದಾಗ ಹೆಸರು ಹೇಳಿ, ಮರುದಿನ ಬೀದಿಯಲ್ಲಿ ನಿಂತ ಹಸುವನ್ನು ತೋರಿಸಿ, ಅದರ ಬಾಲ, ಕೋಡು, ಕೂಗುಗಳನ್ನು ಪರಿಚಯಿಸಿದರೆ ಆ ಚಿತ್ರವು ಸಾರ್ಥಕವಾಗುತ್ತದೆ. ಅಡಿಗೆಮನೆಯಲ್ಲಿ ಕೂಸಿನ ಮುಂದೆ ಎರಡು ಪಾತ್ರೆ, ಒಂದು ಸೌಟು ಇಟ್ಟು, ತಾಯಿ ತನ್ನ ಕೆಲಸ ಮಾಡುತ್ತಲೇ 'ಇದು ಬೇಳೆ, ಇದು ಬೆಲ್ಲ' ಎಂದು ಹೇಳುತ್ತಿದ್ದರೆ ಯಾವ ಚಿತ್ರವೂ ಇಲ್ಲದೆ ಪಾಠವು ನಡೆದೀತು. ಒಳ್ಳೆಯ ವಿಡಿಯೋವನ್ನು ಆರಿಸುವುದು ಒಂದು ಕರ್ತವ್ಯ. ಆದರೆ ಅದು ಏತಕ್ಕಾಗಿ ಎಂಬುದನ್ನು ತಮ್ಮಲ್ಲಿ ತಾವು ಮರೆಮಾಚದೆ ಒಪ್ಪಿಕೊಳ್ಳುವುದು ಅದಕ್ಕಿಂತ ಮೊದಲಿನ ಕರ್ತವ್ಯ. ಆ ಒಪ್ಪಿಗೆಯಿದ್ದ ಮನೆಯಲ್ಲಿ ಆಯ್ಕೆಯು ತಪ್ಪಿದರೂ ತಿದ್ದಿಕೊಳ್ಳಲು ಬರುತ್ತದೆ.