ಹಗೆಯೂ ಎದುರಾಳಿಯೂ

1913ನೆಯ ಇಸವಿಯ ಡಿಸೆಂಬರ್ 21ರಂದು ನ್ಯೂಯಾರ್ಕಿನ ಒಂದು ಪತ್ರಿಕೆಯಲ್ಲಿ ಆರ್ಥರ್ ವಿನ್ ಎಂಬಾತನು ಪ್ರಕಟಿಸಿದ ಮಾತಿನ ಆಟವು ಪದಬಂಧವೆಂಬ ಹೆಸರಿನಿಂದ ಕನ್ನಡದಲ್ಲಿಯೂ ಬೇರೂರಿದೆ. ಅದರಲ್ಲಿ ‘ವೈರಿ’ ಎಂದು ಸುಳಿವು ಕೊಟ್ಟರೆ, ಎರಡು ಮನೆಗಳಿಗೆ ಹಗೆ, ಅರಿ, ರಿಪುಗಳಲ್ಲೊಂದು ಸಲ್ಲುತ್ತದೆ, ಮೂರಕ್ಕೆ ಸಪತ್ನ, ಅಮಿತ್ರ, ದಾಯಾದಿ, ನಾಲ್ಕಕ್ಕೆ ಎದುರಾಳಿ. ಅಕ್ಷರದ ಲೆಕ್ಕ ಸರಿಹೋದರೆ ಸಾಕು. ಅಮರಸಿಂಹನ ಕೋಶವೂ ಶತ್ರುವಿಗೆ 19 ಹೆಸರುಗಳನ್ನು ಒಂದೇ ಎಡೆಯಲ್ಲಿ ಪೋಣಿಸಿದೆ. ಆದರೆ ಕೋಶದಲ್ಲಿ ಒಂದಾದವು ಬಾಳಿನಲ್ಲಿಯೂ ಒಂದೇ ಆಗಿರುವುವೆ?

ಪದಗಳ ಹುಟ್ಟನ್ನು ನೋಡಿದರೆ ಭೇದವು ತಿಳಿಯುತ್ತದೆ. ಮಿತ್ರನಲ್ಲದವನು ಅಮಿತ್ರ, ದ್ವೇಷವುಳ್ಳವನು ದ್ವೇಷಣ. ಇವು ಮನಸ್ಸಿನ ಕಹಿಯನ್ನು ಹೇಳುತ್ತವೆ. ಸಪತ್ನನೆಂಬುದಾದರೋ ಸಪತ್ನಿಯಿಂದ, ಎಂದರೆ ಸವತಿಯಿಂದ, ಬಂದ ಮಾತು. ದಾಯಾದಿಯು ಪಿತ್ರಾರ್ಜಿತದಲ್ಲಿ ಪಾಲುಳ್ಳವನು. ಎದುರಾಳಿಗೆ ಇಂಗ್ಲಿಷಿನಲ್ಲಿ ಹೇಳುವ ‘ರೈವಲ್’ ಎಂಬ ಶಬ್ದದ ಲ್ಯಾಟಿನ್ ಮೂಲಕ್ಕೆ ಒಂದೇ ತೊರೆಯ ನೀರನ್ನು ಬಳಸುವವನೆಂದು ಅರ್ಥ. ಈ ಮೂವರೂ ಹತ್ತಿರದವರು. ಒಂದೇ ಮನೆಗೆ, ಒಂದೇ ಹೊಲಕ್ಕೆ, ಒಂದೇ ತೊರೆಗೆ ಸೇರಿದವರು.

ಎದುರಾಳಿಯ ಕಣ್ಣು ವಸ್ತುವಿನ ಮೇಲಿರುತ್ತದೆ. ಹಗೆಯ ಕಣ್ಣು ಮನುಷ್ಯನ ಮೇಲೆ. ತೊರೆ ತುಂಬಿ ಹರಿದರೆ ನೀರಿನ ಜಗಳವು ತೀರುವುದು. ಹಗೆಯಾದವನಿಗೆ ತನ್ನ ಗದ್ದೆ ತುಂಬಿದರೂ ನೆರೆಯವನ ಗದ್ದೆ ಒಣಗುವವರೆಗೆ ನಿದ್ರೆಯಿಲ್ಲ. ಭಾರತದ ಕಥೆಯಲ್ಲಿ ಪಾಂಡವರು ಕಡೆಗೆ ಐದು ಗ್ರಾಮಗಳನ್ನಷ್ಟೇ ಬೇಡಿದರು. ಅದನ್ನೂ ಕೊಡೆನೆಂದ ಗಳಿಗೆಯಲ್ಲಿ ನೆಲದ ಜಗಳವು ಮುಗಿದು ದಾಯಾದಿಯು ಹಗೆಯಾದನು. ಆದರೂ ರನ್ನನ ಗದಾಯುದ್ಧದಲ್ಲಿ ಅದೇ ದುರ್ಯೋಧನನು ರಣಭೂಮಿಯಲ್ಲಿ ಬಿದ್ದಿದ್ದ ಅಭಿಮನ್ಯುವನ್ನು, ತನ್ನ ಮಗನನ್ನು ಕೊಂದವನನ್ನೇ, ಕಂಡು ಆತನ ಸಾಹಸವನ್ನು ಕೊಂಡಾಡುತ್ತಾನೆ. ಈ ಗುಣಗ್ರಹಣವು ಐದು ಗ್ರಾಮಗಳ ಮಾತು ನಡೆದಾಗಲೇ ಮೂಡಿದ್ದರೆ ಆ ರಣಭೂಮಿಯೇ ಇರುತ್ತಿರಲಿಲ್ಲ.

ಎದುರಾಳಿಯನ್ನು ಹಗೆಯೆಂದು ಕರೆದೊಡನೆ ಅವನಿಗೆ ಯಾವ ಕೇಡನ್ನು ಬಗೆದರೂ ತಪ್ಪಿಲ್ಲವೆಂಬ ಭ್ರಾಂತಿಯು ಹುಟ್ಟುತ್ತದೆ. ಆದುದರಿಂದ ಹೆಸರಿಡುವ ಮುನ್ನ ಪ್ರತಿಯೊಬ್ಬನೂ ತನ್ನನ್ನು ತಾನು ಕೇಳಿಕೊಳ್ಳತಕ್ಕ ಪ್ರಶ್ನೆಯೊಂದುಂಟು: ತನಗೆ ಏನೂ ದೊರೆಯದೆ ಅವನಿಗೆ ನಷ್ಟವಾದರೆ ಮನಸ್ಸು ಹಿಗ್ಗುವುದೋ? ಹಿಗ್ಗಿದರೆ ಹಗೆಯೆಂಬ ಹೆಸರು ಮೊದಲು ಸಲ್ಲತಕ್ಕುದು ಹಿಗ್ಗಿದವನಿಗೇ. ಪದಬಂಧದಲ್ಲಿ ಅಡ್ಡಸಾಲಿನ ತಪ್ಪನ್ನು ಅದನ್ನು ಹಾಯುವ ಕೆಳಸಾಲು ತೋರಿಸಿಕೊಡುತ್ತದೆ. ಬಿಡಿಸುವವನು ಹೊಂದದ ಪದವನ್ನು ಅಳಿಸಲು ನಾಚುವುದಿಲ್ಲ. ಮನುಷ್ಯರಿಗೆ ಇಟ್ಟ ಹೆಸರನ್ನು ಅಳಿಸುವುದಕ್ಕೂ ಅಷ್ಟೇ ಸಿದ್ಧನಾಗಿರುವವನು ವಿವೇಕಿ.